ಬಟಾಣಿಯಷ್ಟು ಗ್ರಂಥಿ, ಒಂದು ಇಂಜೆಕ್ಷನ್, ನಮ್ಮ ಬೆಳಗಾವಿ ಬಾಣಂತಿಯರು

ಮಚ್ಛೆಯಿಂದ ಮಾತಾಡ್ತಿದ್ದೀನಿ. ನೀವು ಖಾನಾಪುರ ಬಸ್‌ನಲ್ಲಿ ಕಿಟಕಿ ಪಕ್ಕ ಕೂತಿರಬಹುದು, ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಮುಗಿಸಿ ಹೊರಗೆ ಬಂದಿರಬಹುದು, ವಿಟಿಯು ಕ್ಯಾಂಪಸ್‌ನಲ್ಲಿ ಅಸೈನ್‌ಮೆಂಟ್ ಮುಂದೂಡ್ತಾ ಕೂತಿರಬಹುದು. ಎಲ್ಲಿದ್ದರೂ ಒಂದು ಹದಿನೈದು ನಿಮಿಷ ಕಿವಿ ಕೊಡ್ರಿ.

ಇವತ್ತಿನ ವಿಷಯ ಪಿಟ್ಯುಟರಿ ಗ್ರಂಥಿ. ಹೈಸ್ಕೂಲ್‌ನಲ್ಲಿ "ಮಾಸ್ಟರ್ ಗ್ರಂಥಿ ಯಾವುದು?" ಅಂತ ಒಂದು ಮಾರ್ಕಿನ ಪ್ರಶ್ನೆ ಬರ್ತಿತ್ತು, ನೆನಪಿದೆಯಾ? ಉತ್ತರ ಬರೆದ್ವಿ, ಮಾರ್ಕ್ ತಗೊಂಡ್ವಿ, ಅಲ್ಲಿಗೆ ಮುಗೀತು. ಆದರೆ ಆ ಗ್ರಂಥಿ ಬಿಡೋ ಒಂದು ಹಾರ್ಮೋನು ನಮ್ಮ ಜಿಲ್ಲೆಯ ಹೆರಿಗೆ ಕೋಣೆಯಲ್ಲಿದೆ, ಹಾಲು ಕರೆಯೋ ಕೊಟ್ಟಿಗೆಯಲ್ಲಿದೆ, ದೆಹಲಿ ಹೈಕೋರ್ಟ್‌ನ ತೀರ್ಪಿನಲ್ಲೂ ಇದೆ. ಹೆಸರು ಆಕ್ಸಿಟೋಸಿನ್. ಒಂದೇ ಔಷಧ, ಒಂದು ಕಡೆ ಜೀವ ಉಳಿಸುತ್ತೆ, ಇನ್ನೊಂದು ಕಡೆ ಜೀವಕ್ಕೆ ಕುತ್ತು ತರುತ್ತೆ. ಇದು ಹೆಂಗೆ? ಅದು ತಿಳೀಬೇಕಂದ್ರೆ ಮೊದಲು ಪಿಟ್ಯುಟರಿ ಕೆಲಸ ಮಾಡೋ ರೀತಿ ತಿಳ್ಕೋಬೇಕು.

ಹೆಡ್ ಆಫೀಸ್ ಎಲ್ಲಿದೆ?

ನಿಮ್ಮ ಮೂಗಿನ ಬುಡ ಮುಟ್ಟಿ ನೋಡ್ಕೊಳ್ರಿ, ಎರಡು ಹುಬ್ಬಿನ ನಡುವೆ. ಅಲ್ಲಿಂದ ನೇರ ಹಿಂದಕ್ಕೆ ಹೋದ್ರೆ, ಮೆದುಳಿನ ತಳದಲ್ಲಿ, ಮೂಳೆಯೊಳಗೆ ಕುದುರೆ ಜೀನಿನ ಆಕಾರದ ಒಂದು ಗುಣಿ ಇದೆ. ಆ ಗುಣಿಯಲ್ಲಿ ಪಿಟ್ಯುಟರಿ ಕೂತಿರುತ್ತೆ. ಗಾತ್ರ ಬಟಾಣಿ ಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಅದರ ಮೇಲೆ ಹೈಪೋಥಲಾಮಸ್ ಅಂತ ಮೆದುಳಿನ ಒಂದು ಭಾಗ. ಅಂದ್ರೆ ಮಾಸ್ಟರ್‌ಗೂ ಮೇಲೊಬ್ಬ ಸಾಹೇಬ ಇದ್ದಾನೆ.

ಪಿಟ್ಯುಟರಿಗೆ ಎರಡು ಭಾಗ, ಮುಂದಿನದು ಮತ್ತು ಹಿಂದಿನದು. ಮುಂದಿನ ಭಾಗ ಮುಖ್ಯವಾಗಿ ಆರು ಹಾರ್ಮೋನು ತಯಾರು ಮಾಡುತ್ತೆ. ಎತ್ತರ ಬೆಳೆಯೋಕೆ ಬೆಳವಣಿಗೆ ಹಾರ್ಮೋನು. ಥೈರಾಯ್ಡ್‌ಗೆ ಕೆಲಸ ಹೇಳೋಕೆ ಟಿಎಸ್‌ಎಚ್. ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಗೆ ಎಸಿಟಿಎಚ್. ಅಂಡಾಶಯ ಮತ್ತು ವೃಷಣಗಳಿಗೆ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್. ಎದೆಹಾಲು ತಯಾರಾಗೋಕೆ ಪ್ರೊಲ್ಯಾಕ್ಟಿನ್.

ಈಗ ಮುಖ್ಯ ಮಾತು. ಮಾಸ್ಟರ್ ಅಂದ್ರೆ ಕುರ್ಚಿ ಮೇಲೆ ಕೂತು ಬರೀ ಆರ್ಡರ್ ಮಾಡೋನು ಅಂತ ತಿಳಿದ್ರೆ ತಪ್ಪು. ಪಿಟ್ಯುಟರಿಯ ಅರ್ಧ ಕೆಲಸ ಕೇಳಿಸಿಕೊಳ್ಳೋದು. ನಾನು ಬಿಕಾಂ ಓದಿದವನು, ನನಗೆ ಇದು ಸ್ಟಾಕ್ ರಿಜಿಸ್ಟರ್ ಥರ ಕಾಣುತ್ತೆ. ಗೋದಾಮಿನಲ್ಲಿ ಸರಕು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹೊಸ ಆರ್ಡರ್ ಹೋಗುತ್ತೆ. ಸರಕು ತುಂಬಿದ ಮೇಲೆ ಆರ್ಡರ್ ನಿಲ್ಲುತ್ತೆ. ಇಲ್ಲೂ ಹಂಗೇ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆ ಆದರೆ ಪಿಟ್ಯುಟರಿ ಟಿಎಸ್‌ಎಚ್ ಜಾಸ್ತಿ ಬಿಡುತ್ತೆ. ಸಾಕಷ್ಟು ಬಂತು ಅಂದ್ರೆ ತಾನೇ ಕಡಿಮೆ ಮಾಡುತ್ತೆ.

ಇದು ಗೊತ್ತಿದ್ರೆ ಲ್ಯಾಬ್ ರಿಪೋರ್ಟ್ ಓದೋದು ಸುಲಭ. ಮನೆಯಲ್ಲಿ ಯಾರದೋ ರಿಪೋರ್ಟ್ ಬರುತ್ತೆ, ಟಿಎಸ್‌ಎಚ್ ಜಾಸ್ತಿ ಅಂತ. "ಥೈರಾಯ್ಡ್ ಜಾಸ್ತಿ ಆಗೈತಿ" ಅಂತ ಎಲ್ಲರೂ ಹೇಳೋಕೆ ಶುರು. ಸಾಮಾನ್ಯವಾಗಿ ಅದರ ಅರ್ಥ ಉಲ್ಟಾ. ಥೈರಾಯ್ಡ್ ಸಾಕಷ್ಟು ಕೆಲಸ ಮಾಡ್ತಿಲ್ಲ, ಅದಕ್ಕೇ ಹೆಡ್ ಆಫೀಸ್‌ನಿಂದ ಪತ್ರದ ಮೇಲೆ ಪತ್ರ ಹೋಗ್ತಿದೆ.

ಜಿಮ್‌ಗೆ ಹೋಗೋ ಗೆಳೆಯರಿಗೂ ಒಂದು ಮಾತು. ಬಾಡಿ ಬೇಗ ಬರಲಿ ಅಂತ ಡಾಕ್ಟರ್ ಹೇಳದೆ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡ್ರೆ ಪಿಟ್ಯುಟರಿ ಏನು ನೋಡುತ್ತೆ? ಗೋದಾಮು ತುಂಬಿ ತುಳುಕ್ತಾ ಇದೆ. ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಇಳಿಸುತ್ತೆ. ಆಗ ವೃಷಣ ಕುಗ್ಗುತ್ತೆ, ವೀರ್ಯಾಣು ಕಡಿಮೆ ಆಗುತ್ತೆ. ಹೊರಗಿನಿಂದ ಬಂದ ಹಾರ್ಮೋನು ಯಾಕೆ ಬಂತು ಅಂತ ಪಿಟ್ಯುಟರಿಗೆ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಲೆಕ್ಕ ಮಾತ್ರ.

ಹಿಂದಿನ ಭಾಗದ ಗೋದಾಮು

ಈಗ ಹಿಂದಿನ ಭಾಗಕ್ಕೆ ಬರೋಣ. ಇದು ಸ್ವಂತ ತಯಾರಿಕೆ ಮಾಡಲ್ಲ. ಮೇಲಿನ ಹೈಪೋಥಲಾಮಸ್‌ನಲ್ಲಿ ತಯಾರಾದ ಎರಡು ಹಾರ್ಮೋನು ನರತಂತುಗಳ ಮೂಲಕ ಇಳಿದು ಬಂದು ಇಲ್ಲಿ ದಾಸ್ತಾನು ಆಗ್ತವೆ. ಒಂದು ಎಡಿಎಚ್. ದೇಹದ ನೀರು ಉಳಿಸು ಅಂತ ಮೂತ್ರಪಿಂಡಕ್ಕೆ ಹೇಳೋದು ಇದೇ. ಬಿಸಿಲಲ್ಲಿ ಬೆವರಿ ಬಂದಾಗ ಮೂತ್ರ ಕಡಿಮೆ, ಗಾಢ ಹಳದಿ. ಕಾರಣ ಎಡಿಎಚ್. ಮದ್ಯ ಕುಡಿದವರು ಪದೇ ಪದೇ ಎದ್ದು ಹೋಗ್ತಾರಲ್ಲ, ಮದ್ಯ ಈ ಎಡಿಎಚ್ಚನ್ನ ತಡೆಯುತ್ತೆ.

ಎರಡನೆಯದು ನಮ್ಮ ಕಥಾನಾಯಕ, ಆಕ್ಸಿಟೋಸಿನ್. ಇದರ ಲೆಕ್ಕ ಬೇರೆ. ಉಳಿದ ಹಾರ್ಮೋನುಗಳು ಸಾಮಾನ್ಯವಾಗಿ ಜಾಸ್ತಿ ಆದ್ರೆ ನಿಲ್ಲಿಸು ಅನ್ನೋ ನಿಯಮದಲ್ಲಿ ನಡೀತವೆ. ಹೆರಿಗೆ ಟೈಮಲ್ಲಿ ಆಕ್ಸಿಟೋಸಿನ್ ಜಾಸ್ತಿ ಆದ್ರೆ ಇನ್ನೂ ಜಾಸ್ತಿ ಮಾಡು ಅನ್ನುತ್ತೆ. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನ ಒತ್ತುತ್ತೆ, ನರಗಳು ಮೆದುಳಿಗೆ ಸುದ್ದಿ ಕೊಡ್ತವೆ, ಪಿಟ್ಯುಟರಿ ಆಕ್ಸಿಟೋಸಿನ್ ಬಿಡುತ್ತೆ, ಗರ್ಭಕೋಶ ಬಿಗಿಯುತ್ತೆ, ತಲೆ ಇನ್ನಷ್ಟು ಒತ್ತುತ್ತೆ. ಮತ್ತೆ ಸುದ್ದಿ, ಮತ್ತೆ ಹಾರ್ಮೋನು. ಮಗು ಹೊರಗೆ ಬರೋ ತನಕ ಈ ಸುತ್ತು ನಡೀತಾನೇ ಇರುತ್ತೆ.

ಆದರೆ ಪಿಟ್ಯುಟರಿ ಇದನ್ನ ಒಂದೇ ಸಲ ಸುರಿಯಲ್ಲ. ಬಿಟ್ಟು ಬಿಟ್ಟು ಕೊಡುತ್ತೆ. ರಕ್ತದಲ್ಲಿ ಆಕ್ಸಿಟೋಸಿನ್ ಆಯಸ್ಸು ಕೆಲವೇ ನಿಮಿಷ. ಅದಕ್ಕೇ ನೋವು ಬಂದು ಹೋಗುತ್ತೆ, ನಡುವೆ ಬಿಡುವು ಸಿಗುತ್ತೆ. ಆ ಬಿಡುವಿನಲ್ಲೇ ಮಗುವಿಗೆ ಚೆನ್ನಾಗಿ ರಕ್ತ, ಆಮ್ಲಜನಕ ಹೋಗೋದು. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು. ಈ ಮೂರೂ ಪಿಟ್ಯುಟರಿಗೆ ಗೊತ್ತು. ಗಾಜಿನ ಆಂಪೂಲ್‌ಗೆ ಒಂದೂ ಗೊತ್ತಿಲ್ಲ. ಈ ಮಾತು ನೆನಪಿಟ್ಕೊಳ್ರಿ, ಮುಂದಿನ ಎಲ್ಲದಕ್ಕೂ ಇದೇ ಬೀಗದ ಕೈ.

ಗ್ರಂಥಿಯಿಂದ ಆಂಪೂಲ್‌ಗೆ

1906ರಲ್ಲಿ ಇಂಗ್ಲೆಂಡ್‌ನ ಹೆನ್ರಿ ಡೇಲ್ ಅನ್ನೋ ವಿಜ್ಞಾನಿ, ಪಿಟ್ಯುಟರಿಯ ಹಿಂದಿನ ಭಾಗದ ಸಾರ ಗರ್ಭಕೋಶವನ್ನ ಬಿಗಿಗೊಳಿಸುತ್ತೆ ಅಂತ ತೋರಿಸಿದ. ಗ್ರೀಕ್‌ನಲ್ಲಿ ಆಕ್ಸಿಟೋಸಿನ್ ಅಂದ್ರೆ ಬೇಗ ಹೆರಿಗೆ ಅನ್ನೋ ಅರ್ಥ. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿಗ್ನಿಯೋ ಇದನ್ನ ಲ್ಯಾಬಿನಲ್ಲೇ ತಯಾರಿಸಿದ. 1955ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಬರೀ ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರಪಳಿ ಇದು. ತಯಾರಿಸೋದು ಕಷ್ಟ ಅಲ್ಲ, ಬೆಲೆ ಕಡಿಮೆ. ಅದಕ್ಕೇ ಇದು ದೊಡ್ಡ ಆಸ್ಪತ್ರೆಗೂ ಬಂತು, ಕೊಟ್ಟಿಗೆಗೂ ಬಂತು.

ಕೊಟ್ಟಿಗೆ ಕಥೆ ಮೊದಲು ಮುಗಿಸೋಣ. ಹಾಲು ಕರೆಯೋ ಮನೆಯವರಿಗೆ ಗೊತ್ತು, ಮೊದಲು ಕರು ಬಿಡ್ತಾರೆ. ಕರು ಬಾಯಿ ಹಾಕಿ ಕೆಚ್ಚಲು ಗುದ್ದಿದ ಮೇಲೆ ತಾಯಿ ಸೊರೆ ಬಿಡುತ್ತೆ, ಆಮೇಲೆ ಕರೆಯೋದು. ನಮ್ಮ ಹಿರಿಯರಿಗೆ ಪಿಟ್ಯುಟರಿ ಅನ್ನೋ ಹೆಸರು ಗೊತ್ತಿರಲಿಲ್ಲ, ಆದರೆ ಅದನ್ನ ಕೆಲಸಕ್ಕೆ ಹಚ್ಚೋದು ಗೊತ್ತಿತ್ತು. ಕರುವಿನ ಸ್ಪರ್ಶ ಮೆದುಳಿಗೆ ಹೋಗುತ್ತೆ, ಆಕ್ಸಿಟೋಸಿನ್ ಬರುತ್ತೆ, ಕೆಚ್ಚಲಿನ ಹಾಲಿನ ಚೀಲಗಳನ್ನ ಹಿಂಡುತ್ತೆ. ಹೆದರಿದ ಆಕಳು ಸೊರೆ ಬಿಡಲ್ಲ, ಯಾಕಂದ್ರೆ ಹೆದರಿಕೆಯ ಅಡ್ರಿನಾಲಿನ್ ಇದಕ್ಕೆ ಅಡ್ಡ ಬರುತ್ತೆ.

ಕರು ಸತ್ತಾಗ, ಇಲ್ಲಾ ಟೈಮ್ ಉಳಿಸಬೇಕು ಅಂದಾಗ, ಕೆಲವರು ಇಂಜೆಕ್ಷನ್ ಚುಚ್ತಾರೆ. ಪದೇ ಪದೇ ಚುಚ್ಚಿದ್ರೆ ಇಂಜೆಕ್ಷನ್ ಇಲ್ಲದೆ ಸೊರೆ ಬಿಡದ ಸ್ಥಿತಿಗೆ ಆ ಎಮ್ಮೆ ಬರಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸೋ ಯಾವುದೇ ವಸ್ತು ಚುಚ್ಚೋದು ಅಪರಾಧ.

ಈ ಹಾಲು ಕುಡಿದ್ರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗ್ತಾರೆ ಅನ್ನೋ ವಾಟ್ಸ್‌ಆ್ಯಪ್ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಸ್ವಲ್ಪ ಯೋಚನೆ ಮಾಡ್ರಿ. ಆಕ್ಸಿಟೋಸಿನ್ ಪ್ರೋಟೀನ್ ಜಾತಿಯದ್ದು, ಬಾಯಿಂದ ಹೋದ್ರೆ ಹೊಟ್ಟೆ, ಕರುಳಿನಲ್ಲಿ ಜೀರ್ಣ ಆಗಿ ಹೋಗುತ್ತೆ. ಅದಕ್ಕೇ ಆಸ್ಪತ್ರೆಯಲ್ಲಿ ನುಂಗೋ ಮಾತ್ರೆಯಾಗಿ ಕೊಡಲ್ಲ, ಸೂಜಿಯಲ್ಲೇ ಕೊಡ್ತಾರೆ. ಪ್ರಾಯಕ್ಕೆ ಬರಿಸೋದು ಪಿಟ್ಯುಟರಿಯ ಎಲ್‌ಎಚ್, ಎಫ್‌ಎಸ್‌ಎಚ್, ಆಕ್ಸಿಟೋಸಿನ್ ಅಲ್ಲ. ಎಮ್ಮೆಗೆ ಆಗೋ ಹಿಂಸೆ ನಿಜ, ಅದನ್ನ ನಿಲ್ಲಿಸೋಕೆ ಅಷ್ಟೇ ಕಾರಣ ಸಾಕು.

ಹೆರಿಗೆ ಆದ ಮೇಲಿನ ನಿಮಿಷಗಳು

ಈಗ ಹೆರಿಗೆ ಕೋಣೆಗೆ ಹೋಗೋಣ. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರೀತಿರುತ್ತೆ. ಮಗು ಹುಟ್ಟಿದ ಮೇಲೆ ಮಾಸ, ಅಂದ್ರೆ ಕಸ, ಬಿಟ್ಟು ಬರುತ್ತೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದುಕೊಂಡಿರುತ್ತೆ. ಅವನ್ನ ಮುಚ್ಚೋದು ಯಾರು? ಗರ್ಭಕೋಶದ ಸ್ನಾಯು. ಅದು ಗಟ್ಟಿ ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡು ನಾಳಗಳನ್ನ ಹಿಚುಕಿ ಮುಚ್ಚುತ್ತೆ. ಮುಷ್ಟಿ ಸಡಿಲ ಇದ್ದರೆ ನಲ್ಲಿ ತೆರೆದಿಟ್ಟ ಹಾಗೆ.

ಹೆರಿಗೆ ನಂತರ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದ್ರೆ ಅದನ್ನ ಹೆರಿಗೆ ನಂತರದ ರಕ್ತಸ್ರಾವ ಅಂತ ಕರೀತಾರೆ. ಜಗತ್ತಿನಲ್ಲಿ ತಾಯಂದಿರ ಸಾವಿನ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಆರೋಗ್ಯವಾಗಿದ್ದ ಹೆಣ್ಣುಮಗಳು ಎರಡು ಮೂರು ಗಂಟೆಯೊಳಗೆ ಹೋಗಿಬಿಡಬಹುದು. ಮೊದಲೇ ರಕ್ತ ಕಡಿಮೆ ಇದ್ದವರಿಗಂತೂ ಟೈಮ್ ಇನ್ನೂ ಕಡಿಮೆ.

ತಾಯಿಯ ಪಿಟ್ಯುಟರಿ ತನ್ನ ಕೈಲಾದಷ್ಟು ಮಾಡುತ್ತೆ. ಮಗುವನ್ನ ಕೂಡಲೇ ಎದೆಗೆ ಹಾಕಿದ್ರೆ ಆಕ್ಸಿಟೋಸಿನ್ ಇನ್ನೂ ಬರುತ್ತೆ. ಆದರೆ ದಣಿದ ಗರ್ಭಕೋಶಕ್ಕೆ ಅಷ್ಟೇ ಸಾಕಾಗುತ್ತೆ ಅಂತ ನಂಬಿ ಕೂರೋಕಾಗಲ್ಲ. ಅದಕ್ಕೇ ಮಗು ಹುಟ್ಟಿದ ತಕ್ಷಣ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ರಕ್ತಸ್ರಾವ ಶುರು ಆಗೋಕೆ ಮುಂಚೇನೇ.

ಅದೇ ಇಂಜೆಕ್ಷನ್ ಮಗು ಹುಟ್ಟೋಕೆ ಮುಂಚೆ, ಡಾಕ್ಟರ್ ನಿಗಾ ಇಲ್ಲದೆ, "ನೋವು ಬರಲಿ" ಅಂತ ಚುಚ್ಚಿದ್ರೆ? ಬಿಡುವಿಲ್ಲದೆ ಗರ್ಭಕೋಶ ಬಿಗಿಯುತ್ತೆ. ಮಗುವಿಗೆ ಆಮ್ಲಜನಕ ಕಡಿಮೆ ಆಗುತ್ತೆ. ಗರ್ಭಕೋಶವೇ ಹರಿಯಬಹುದು. ಆಸ್ಪತ್ರೆಯಲ್ಲಿ ಹೆರಿಗೆ ಮುಂಚೆ ಕೊಡಬೇಕಾದ್ರೆ ಡ್ರಿಪ್‌ನಲ್ಲಿ ಹನಿ ಹನಿ ಲೆಕ್ಕ ಮಾಡಿ, ಮಗುವಿನ ಎದೆಬಡಿತ ನೋಡ್ತಾ ಕೊಡ್ತಾರೆ. ಪಿಟ್ಯುಟರಿ ಮಾಡೋ ಲೆಕ್ಕವನ್ನ ಅಲ್ಲಿ ಮನುಷ್ಯರು ಮಾಡ್ತಾರೆ. ಲೆಕ್ಕ ಮಾಡೋರು ಇಲ್ಲದ ಕಡೆ ಆ ಸೂಜಿ ಬೇಡ.

ಬೆಳಗಾವಿ ಕೊಟ್ಟ ಉತ್ತರ

ಆಕ್ಸಿಟೋಸಿನ್‌ಗೆ ಒಂದು ದೊಡ್ಡ ತೊಂದರೆ ಇದೆ. ಅದಕ್ಕೆ ತಂಪು ಬೇಕು, 2ರಿಂದ 8 ಡಿಗ್ರಿ. ಬಿಸಿಲಿಗೆ ಬಿಟ್ಟರೆ ಶಕ್ತಿ ಕಳ್ಕೊಳ್ಳುತ್ತೆ, ನೋಡೋಕೆ ಮಾತ್ರ ಹಾಗೇ ನೀರಿನಂತೆ ಇರುತ್ತೆ. ಜೊತೆಗೆ ಸೂಜಿ ಬೇಕು, ಕೊಡೋಕೆ ತರಬೇತಿ ಆದವರು ಬೇಕು. ಈಗ ಖಾನಾಪುರ ತಾಲೂಕಿನ ಕಾಡಂಚಿನ ಊರುಗಳನ್ನ ನೆನಪು ಮಾಡ್ಕೊಳ್ರಿ. ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಕರೆಂಟು ಹೋಗೋದು, ಹಳ್ಳ ತುಂಬೋದು ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ಹಳ್ಳಿಗಳಲ್ಲಿ ಮನೆ ಹೆರಿಗೆಯೂ ಸಾಕಷ್ಟಿತ್ತು. ಫ್ರಿಜ್ ಇಲ್ಲದ ಕಡೆ ಏನು ಮಾಡೋದು?

ಈ ಪ್ರಶ್ನೆಗೆ ಜಗತ್ತಿಗೆ ಉತ್ತರ ಕೊಟ್ಟ ಪ್ರಯೋಗ ನಡೆದದ್ದು ನಮ್ಮ ಜಿಲ್ಲೆಯಲ್ಲಿ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮತ್ತು ಅವರ ತಂಡ, ಅಮೆರಿಕದ ರಿಚರ್ಡ್ ಡರ್ಮನ್ ಜೊತೆ ಸೇರಿ, 2002ರಿಂದ 2005ರವರೆಗೆ ಈ ಕೆಲಸ ಮಾಡಿದ್ರು. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳು, 1620 ಮಹಿಳೆಯರು. ಹೆರಿಗೆ ಮಾಡಿಸಿದವರು ಎಎನ್‌ಎಂ, ಅಂದ್ರೆ ನಾವು ನರ್ಸಮ್ಮ ಅಂತ ಕರೆಯೋ ಸಹಾಯಕಿಯರು.

ಅವರು ಕೊಟ್ಟದ್ದು ಮಿಸೊಪ್ರೊಸ್ಟಾಲ್ ಅನ್ನೋ ಮಾತ್ರೆ. ಇದು ಪಿಟ್ಯುಟರಿ ಹಾರ್ಮೋನಿನ ನಕಲು ಅಲ್ಲ, ಬೇರೆ ದಾರಿಯಲ್ಲಿ ಬಂದು ಅದೇ ಗರ್ಭಕೋಶವನ್ನ ಬಿಗಿಗೊಳಿಸುತ್ತೆ. ಫ್ರಿಜ್ ಬೇಡ, ಸೂಜಿ ಬೇಡ. ಅರ್ಧ ಮಂದಿಗೆ ಮಗು ಹುಟ್ಟಿದ ಮೇಲೆ ಈ ಮಾತ್ರೆ, ಉಳಿದ ಅರ್ಧ ಮಂದಿಗೆ ಔಷಧ ಇಲ್ಲದ ಅದೇ ಥರದ ಮಾತ್ರೆ. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಔಷಧ ಇಲ್ಲದವರಲ್ಲಿ ಶೇ. 12 ಮಂದಿಗೆ ರಕ್ತಸ್ರಾವ ಆಗಿತ್ತು, ಮಾತ್ರೆ ತಗೊಂಡವರಲ್ಲಿ ಶೇ. 6.4. ತೀವ್ರ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳೀತು. ಅಂದ್ರೆ ಪ್ರತಿ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತೆ. ಮಾತ್ರೆಯಿಂದ ಚಳಿ ನಡುಕ, ಜ್ವರ ಬರೋದಿದೆ, ಅದನ್ನೂ ಅವರು ಬರೆದರು.

ಇದರ ಜೊತೆ ಇನ್ನೊಂದು ಸಣ್ಣ, ಆದರೆ ನನಗೆ ಬಹಳ ಇಷ್ಟವಾದ ಕೆಲಸ. ಎಷ್ಟು ರಕ್ತ ಹೋಯ್ತು ಅಂತ ಹೆಂಗೆ ಅಳೆಯೋದು? ಸೀರೆಗೆ, ಹಾಸಿಗೆಗೆ, ನೆಲಕ್ಕೆ ಹೋಗಿಬಿಡುತ್ತೆ. ಈ ತಂಡ ಬಾಣಂತಿಯ ಕೆಳಗೆ ಹಾಸೋ ಒಂದು ಪ್ಲಾಸ್ಟಿಕ್ ಹಾಳೆ ಮಾಡಿತು. ತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆ ಗೆರೆ. ಕಣ್ಣಂದಾಜು ಮತ್ತು ಈ ಚೀಲದ ಅಳತೆ ಹೋಲಿಸಿ ನೋಡಿದಾಗ, ಕಣ್ಣಂದಾಜು ಶೇ. 33ರಷ್ಟು ಕಡಿಮೆ ತೋರಿಸ್ತಿತ್ತು. ಲೆಕ್ಕಪತ್ರ ಓದಿದ ನನಗೆ ಇದು ತಟ್ಟನೆ ಅರ್ಥ ಆಗುತ್ತೆ. ಖರ್ಚು ಬರೆದಿಡದ ಅಂಗಡಿಗೆ ನಷ್ಟ ಗೊತ್ತಾಗೋದು ಬಾಗಿಲು ಹಾಕುವಾಗ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ಹೆರಿಗೆ ನಂತರದ ರಕ್ತಸ್ರಾವ ತಡೆಯೋಕೆ ಮಿಸೊಪ್ರೊಸ್ಟಾಲನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2018ರಲ್ಲಿ ಇನ್ನೊಂದು ಹೆಜ್ಜೆ. ಆಕ್ಸಿಟೋಸಿನ್ನನ್ನೇ ಹೋಲುವ, 30 ಡಿಗ್ರಿ ಶಾಖದಲ್ಲೂ ಕೆಡದ ಕಾರ್ಬೆಟೋಸಿನ್ ಇಂಜೆಕ್ಷನ್ ಮೇಲೆ ಭಾರತ ಸೇರಿ 10 ದೇಶಗಳಲ್ಲಿ 29 ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ ಪ್ರಕಟ ಆಯ್ತು. ರಕ್ತಸ್ರಾವ ತಡೆಯೋದರಲ್ಲಿ ಅದು ಆಕ್ಸಿಟೋಸಿನ್‌ಗಿಂತ ಕಡಿಮೆ ಇಲ್ಲ ಅಂತ ಗೊತ್ತಾಯ್ತು.

ಬೀಗ ಹಾಕೋದು ಯಾವುದಕ್ಕೆ?

ಅದೇ 2018ರಲ್ಲಿ ನಮ್ಮ ದೇಶದಲ್ಲಿ ಇನ್ನೊಂದು ಘಟನೆ. ಕೊಟ್ಟಿಗೆಗಳಲ್ಲಿ ದುರ್ಬಳಕೆ ಆಗ್ತಿದೆ ಅಂತ ಕೇಂದ್ರ ಸರ್ಕಾರ ಏಪ್ರಿಲ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಸೋ ಹಾಗಿಲ್ಲ, ಸಾರ್ವಜನಿಕ ವಲಯಕ್ಕೆ ಮಾತ್ರ ಅವಕಾಶ. ಆ ಕೆಲಸ ಬಂದದ್ದು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಕಂಪನಿಗೆ. ಇಡೀ ದೇಶದ ಹೆರಿಗೆ ಕೋಣೆಗಳಿಗೆ ಒಂದೇ ಕಾರ್ಖಾನೆ! ಒಂದು ದಿನ ಮೆಷಿನ್ ನಿಂತರೆ? ಇಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋರಿಗೆ ಒಬ್ಬನೇ ಸಪ್ಲೈಯರ್ ಅಂದ್ರೆ ಏನು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ.

ಕಂಪನಿಗಳು ಮತ್ತು ಔಷಧ ಬಳಕೆ ಬಗ್ಗೆ ಕೆಲಸ ಮಾಡೋ ಸಂಘಟನೆ ಕೋರ್ಟಿಗೆ ಹೋದವು. 2018ರ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಆ ಅಧಿಸೂಚನೆ ರದ್ದು ಮಾಡಿತು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ, ತಾಯಂದಿರಿಗೆ ಔಷಧ ಸಿಗದೇ ಹೋದರೆ ಏನಾಗುತ್ತೆ ಅಂತ ಯೋಚಿಸಿಲ್ಲ ಅನ್ನೋದು ಕೋರ್ಟಿನ ಮಾತಿನ ಸಾರ.

ಎಮ್ಮೆಯ ನೋವು ಸಣ್ಣದಲ್ಲ ಅಂತ ನಾನೇ ಈಗ ಹೇಳಿದ್ದೀನಿ. ಆದರೆ ಕೊಟ್ಟಿಗೆಯ ಕಳ್ಳ ಬಾಟ್ಲಿ ತಡೆಯೋಕೆ ಹೆರಿಗೆ ಕೋಣೆಯ ಬಾಗಿಲಿಗೆ ಬೀಗ ಹಾಕೋದು ಸರಿಯಾದ ಲೆಕ್ಕ ಅಲ್ಲ. ನಿಯಂತ್ರಣ ಅಂದ್ರೆ ಎಲ್ಲಿ ಬೇಕೋ ಅಲ್ಲಿ ಸಿಗಬೇಕು, ಎಲ್ಲಿ ಬೇಡವೋ ಅಲ್ಲಿ ನಿಲ್ಲಬೇಕು. ನಮ್ಮ ತಲೆಯೊಳಗಿನ ಬಟಾಣಿ ಕಾಳು ದಿನಾ ಮಾಡೋದು ಇದನ್ನೇ.

ಕೊನೆಗೆ ಕೈಗೆ ಬರೋ ಮಾತು. ಮನೆಯಲ್ಲಿ ಅಕ್ಕ, ಅತ್ತಿಗೆ, ಹೆಂಡತಿ ಬಸುರಿ ಇದ್ದರೆ, ಹೆರಿಗೆ ಎಲ್ಲಿ ಅಂತ ಈಗಲೇ ತೀರ್ಮಾನ ಮಾಡ್ರಿ. ಹೆರಿಗೆ ಆದ ಕೂಡಲೇ ರಕ್ತಸ್ರಾವ ತಡೆಯೋ ಇಂಜೆಕ್ಷನ್ ಕೊಡ್ತೀರಾ, ಅದನ್ನ ಫ್ರಿಜ್‌ನಲ್ಲಿ ಇಡ್ತೀರಾ ಅಂತ ಕೇಳ್ರಿ. ಕೇಳೋದರಲ್ಲಿ ತಪ್ಪೇನಿಲ್ಲ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ತಿಳ್ಕೊಂಡು, ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. "ನೋವು ಬರೋ ಇಂಜೆಕ್ಷನ್ ಹಾಕ್ತೀನಿ" ಅಂತ ಯಾರಾದ್ರೂ ಮನೆಗೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ರಿ.

ಹೆರಿಗೆ ಆದ ಮೊದಲ 24 ಗಂಟೆ ಕಣ್ಣಿಟ್ಟಿರ್ರಿ. ಪ್ಯಾಡ್ ಬೇಗ ಬೇಗ ತೊಯ್ದು ಹೋಗ್ತಿದೆ, ತಲೆ ಸುತ್ತು, ತಣ್ಣನೆ ಬೆವರು, ಎದೆಬಡಿತ ಜೋರು ಅಂದ್ರೆ ನರ್ಸ್‌ನ ಕೂಗ್ರಿ. ಮನೆಯಲ್ಲಿದ್ರೆ 108. "ಬಾಣಂತಿಗೆ ಇಷ್ಟು ಹೋಗೋದು ಇದ್ದದ್ದೇ" ಅನ್ನೋ ಹಿರಿಯರ ಮಾತು ಕೇಳಿ ಸುಮ್ಮನೆ ಕೂರಬೇಡಿ. ಕಣ್ಣಂದಾಜು ಎಷ್ಟು ಕಡಿಮೆ ಹೇಳುತ್ತೆ ಅಂತ ನಮ್ಮ ಬೆಳಗಾವಿಯವರೇ ಅಳೆದು ತೋರಿಸಿದ್ದಾರೆ.

ಇವತ್ತಿಗೆ ಇಷ್ಟು. ಮನೆಯಲ್ಲಿ ಬಸುರಿ ಇರೋ ಒಬ್ಬ ಗೆಳೆಯನಿಗಾದ್ರೂ ಈ ಸಂಚಿಕೆ ಕಳಿಸ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.